ಲೈಬ್ರರಿ ಅಕ್ಕನ 613.25ನೇ ಕಪಾಟು



ಕಳೆದ ಸಭೆ ಮುಗಿದು ಚಹಾ ಕುಡಿಯುವಾಗ ಇಬ್ಬರು ಸದಸ್ಯರು ಬೇರೆ ಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದರು. "ತೂಕ ಇಳಿಸಲಿಕ್ಕೆ ಒಳ್ಳೆಯ ಪುಸ್ತಕ ಯಾವುದುಂಟು?" ಮೂವತ್ತನಾಲ್ಕು ವರ್ಷ ಕುರ್ಚಿಯಲ್ಲಿ ಕೂತು ಫೈಲು ನೋಡಿದವನಾದ್ದರಿಂದ ಆ ಪ್ರಶ್ನೆಯಲ್ಲಿ ನನ್ನ ಹೊಟ್ಟೆಗೂ ಪಾಲುಂಟು. ಉತ್ತರ ಮಾತ್ರ ಗೊತ್ತಿರಲಿಲ್ಲ. ಹಾಗಾಗಿ ಕಾಸರಗೋಡಿನ ಸಮೀಪದ ನಮ್ಮ ಊರಿನ ವಾಚನಾಲಯಕ್ಕೆ ಹೋದೆ. ಅಲ್ಲಿನ ಲೈಬ್ರರಿಯನ್‌ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ 'ಲೈಬ್ರರಿ ಅಕ್ಕ'. ಹೆಸರು ಹಾಕಬೇಡಿ ಎಂದಿದ್ದಾರೆ, ಉಳಿದದ್ದನ್ನು ಬರೆಯಲು ಒಪ್ಪಿದ್ದಾರೆ.

ಲೈಬ್ರರಿಯನ್ ಎಂದರೆ ದಿನವಿಡೀ ಕೂತು ಓದುವವರು ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಮಧ್ಯಾಹ್ನದ ಮೇಲೆ ಬಾಗಿಲು ತೆರೆದು, ಕನ್ನಡ, ಮಲಯಾಳಂ ಪತ್ರಿಕೆಗಳನ್ನು ಮೇಜಿಗೆ ಹಾಕಿ, ಹಿಂದಿರುಗಿ ಬಂದ ಪುಸ್ತಕಗಳನ್ನು ರಿಜಿಸ್ಟರಿನಲ್ಲಿ ಗುರುತು ಮಾಡಿ, ಶಾಲೆ ಬಿಟ್ಟ ಮಕ್ಕಳ ಗಲಾಟೆ ಸುಧಾರಿಸುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗುತ್ತದೆ. ಹೊಸ ಪುಸ್ತಕ ಬಂದಾಗ ಮಾತ್ರ ಅವರದ್ದೊಂದು ಓದು ಉಂಟು. ಮುಖಪುಟ, ಹಿಂಬದಿಯ ನಾಲ್ಕು ಸಾಲು, ಮುನ್ನುಡಿ, ಪರಿವಿಡಿ, ಕೊನೆಯಲ್ಲಿ ಪದಸೂಚಿ ಇದ್ದರೆ ಅದು. ಹತ್ತು ನಿಮಿಷದಲ್ಲಿ ಪುಸ್ತಕ ಯಾವ ವಿಷಯದ್ದು ಎಂದು ತೀರ್ಮಾನಿಸಿ, ಡ್ಯೂಯಿ ಪದ್ಧತಿಯ ನಂಬರನ್ನು ಪೆನ್ಸಿಲಿನಲ್ಲಿ ಬರೆದು ಕಪಾಟಿಗೆ ಕಳಿಸಬೇಕು. ಪೂರ್ತಿ ಓದುವುದು ರಾತ್ರಿ ಊಟವಾದ ಮೇಲೆ, ಮನೆಯಲ್ಲಿ, ಅದೂ ಬಹುಪಾಲು ಕಾದಂಬರಿ.

ತೂಕ ಇಳಿಸುವ ಪುಸ್ತಕಗಳ ನಂಬರು 613.25. ಈ ಕಪಾಟಿನ ಪುಸ್ತಕಗಳ ಬಗ್ಗೆ ಅಕ್ಕನಿಗೆ ಒಂದು ವಿಷಯ ಬಹಳ ಹಿಂದೆಯೇ ಗೊತ್ತಾಗಿತ್ತು. "ಪುಸ್ತಕವನ್ನು ಮುಚ್ಚಿ ಬದಿಯಿಂದ ನೋಡಿ ಅಣ್ಣ," ಎಂದು ಒಂದನ್ನು ಕೈಗೆ ಕೊಟ್ಟರು. ಮೊದಲ ನಲವತ್ತು ಪುಟಗಳ ಅಂಚು ಬೆರಳು ತಾಗಿ ಕಪ್ಪಾಗಿತ್ತು, ಉಳಿದದ್ದು ಅಂಗಡಿಯಿಂದ ಬಂದ ಹಾಗೆ ಬೆಳ್ಳಗೆ. ಎರಡನೆಯದೂ ಹಾಗೆಯೇ, ಮೂರನೆಯದೂ. ಕಾದಂಬರಿಗಳಲ್ಲಿ ಹೀಗಿಲ್ಲ, ಅಲ್ಲಿ ಕೊನೆಯವರೆಗೂ ಒಂದೇ ಬಣ್ಣ. ನಮ್ಮ ಊರಿನಲ್ಲಿ ಯಾರೂ ತೂಕದ ಪುಸ್ತಕವನ್ನು ನಲವತ್ತನೇ ಪುಟ ದಾಟಿಸಿಲ್ಲ.

ಎರಡು ವರ್ಷದ ಹಿಂದೆ ಆ ಕಪಾಟಿಗೆ ಅವರೇ ಓದುಗರಾಗಿ ಹೋಗಬೇಕಾಯಿತು. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಒಳಗೆ ಕಾಲಿಟ್ಟ ಹಾಗೆ. ಅವರ ಎತ್ತರ 154 ಸೆಂಟಿಮೀಟರ್, ತೂಕ 74 ಕಿಲೊ. ತಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದದ್ದನ್ನು ಕಂಡವರು. ಕಣ್ಣು ಹೋದರೆ ಈ ಕೆಲಸ ಹೋಯಿತು, ರಾತ್ರಿಯ ಕಾದಂಬರಿಯೂ ಹೋಯಿತು. "ಔಷಧಿ ಈಗ ಬೇಡ, ತೂಕ ಇಳಿಸಿ" ಎಂದರಂತೆ ಡಾಕ್ಟರು. ಹೇಗೆ ಎಂದು ಹೇಳಲು ಅವರಿಗೆ ಸಮಯವಿರಲಿಲ್ಲ, ಹೊರಗೆ ಸಾಲು ಕಾದಿತ್ತು.

ಮೊದಲು ಓದಿದ್ದು ಏಳು ದಿನದ ಊಟದ ಪಟ್ಟಿಯ ಪುಸ್ತಕ. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಬ್ರೊಕೊಲಿ, ರಾತ್ರಿ ಬೆಣ್ಣೆಹಣ್ಣಿನ ಸಲಾಡು. ನಮ್ಮ ಪೇಟೆಯಲ್ಲಿ ಬ್ರೊಕೊಲಿ ಸಿಗುವುದು ವಾರಕ್ಕೊಮ್ಮೆ, ಅದೂ ಬಾಡಿದ್ದು. ಮನೆಯಲ್ಲಿ ಉಳಿದ ಮೂವರಿಗೆ ಕುಚ್ಚಲಕ್ಕಿ ಅನ್ನ, ಹುಳಿ ಬೇರೆ ಮಾಡಬೇಕು. ಐದನೇ ದಿನಕ್ಕೆ ಪುಸ್ತಕ ಕಪಾಟಿಗೆ ಮರಳಿತು.

ಎರಡನೆಯದು ಅನ್ನ, ರೊಟ್ಟಿ ಪೂರ್ತಿ ಬಿಡಿಸುವ ಪುಸ್ತಕ. ಇದು ಹೊಸ ವಿದ್ಯೆಯಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರು ತನ್ನ ಸ್ಥೂಲಕಾಯದ ಕುರಿತು ಜನರಿಗೆ ಒಂದು ಪತ್ರವೆಂಬಂತೆ ಸಣ್ಣ ಪುಸ್ತಕ ಅಚ್ಚು ಹಾಕಿಸಿ, ಮೊದಲು ಪುಕ್ಕಟೆಯಾಗಿ ಹಂಚಿದರು. ಶವಸಂಸ್ಕಾರದ ಏರ್ಪಾಡು ಮಾಡುವುದು ಅವರ ವೃತ್ತಿ. ಅದರಿಂದ ನಿವೃತ್ತರಾಗಿದ್ದರು, ವಯಸ್ಸು 66, ಹೆಚ್ಚುಕಡಿಮೆ ನನ್ನದೇ. ಬಗ್ಗಿ ಬೂಟಿನ ದಾರ ಕಟ್ಟಲಾಗದೆ, ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯುತ್ತಿದ್ದವರು ವೈದ್ಯರ ಮಾತಿನಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ವರ್ಷದಲ್ಲಿ ಸುಮಾರು 21 ಕಿಲೊ ಇಳಿದರು. ಪುಸ್ತಕ ಎಷ್ಟು ಹಬ್ಬಿತೆಂದರೆ ಸ್ವೀಡಿಷ್ ಭಾಷೆಯಲ್ಲಿ ಪಥ್ಯ ಮಾಡಿ ತೂಕ ಇಳಿಸುವುದಕ್ಕೆ ಇಂದಿಗೂ 'ಬಾಂಟಾ' ಎನ್ನುತ್ತಾರೆ. 1972ರಲ್ಲಿ ಅಮೆರಿಕದ ಡಾ. ಅಟ್ಕಿನ್ಸ್ ಹೆಸರು ಮಾಡಿದ್ದೂ ಇದೇ ದಾರಿಯಲ್ಲಿ.

ಅಕ್ಕನಿಗೆ ಮೊದಲ ವಾರದಲ್ಲೇ ಎರಡು ಕಿಲೊ ಇಳಿಯಿತು. ಸಂತೋಷದಲ್ಲಿ ನೆರೆಮನೆಗೂ ಹೇಳಿದರು. ಆಮೇಲೆ ನಿಂತೇ ಹೋಯಿತು. ಒಂದು ಶ್ರಾದ್ಧದ ಊಟ ಉಂಡ ಎರಡು ದಿನಕ್ಕೆ ಇಳಿದದ್ದೆಲ್ಲ ಹಿಂದೆ ಬಂತು. ಇದರ ಕಾರಣ ಎಲ್ಲರೂ ತಿಳಿದಿರಬೇಕಾದದ್ದು. ನಾವು ತಿಂದ ಪಿಷ್ಟದ ಒಂದು ಭಾಗ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಆಗಿ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅನ್ನ ಬಿಟ್ಟ ಕೂಡಲೇ ಈ ದಾಸ್ತಾನು ಕರಗಿ ನೀರೂ ಹೊರಗೆ ಹೋಗುತ್ತದೆ. ತಕ್ಕಡಿ ತೋರಿಸುವುದು ಬಹುಪಾಲು ಆ ನೀರಿನ ಲೆಕ್ಕ. ಕೊಬ್ಬು ಅಷ್ಟು ಬೇಗ ಹೋಗುವುದಿಲ್ಲ, ಮೈಯ ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. 'ವಾರದಲ್ಲಿ ಮೂರು ಕಿಲೊ' ಎಂದು ಮುಖಪುಟದಲ್ಲಿ ಹಾಕುವವರು ಪೂರ್ತಿ ಸುಳ್ಳು ಹೇಳುವುದಿಲ್ಲ. ಇಳಿದದ್ದು ಏನೆಂದು ಹೇಳುವುದಿಲ್ಲ, ಅಷ್ಟೆ.

ಹಾಗಾದರೆ ಅನ್ನ ಬಿಡುವುದು ಮೇಲೋ, ಎಣ್ಣೆ ಬಿಡುವುದು ಮೇಲೋ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೊ ಇಳಿದರು, ಪಿಷ್ಟ ಕಡಿಮೆ ಮಾಡಿದವರು 6 ಕಿಲೊ. ಇದನ್ನು ಗಣನೀಯ ವ್ಯತ್ಯಾಸವೆಂದು ಲೆಕ್ಕ ಹಿಡಿಯಲಾಗುವುದಿಲ್ಲ. ಎರಡು ಗುಂಪಿನಲ್ಲೂ ಬಹಳ ಇಳಿದವರಿದ್ದರು, ಏರಿದವರೂ ಇದ್ದರು.

ಮೂರನೆಯ ಪುಸ್ತಕ ಮನೋಬಲದ್ದು. ಅದರ ನಂಬರೇ ಬೇರೆ, 158. ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳಬೇಕಾದ ವಾಕ್ಯಗಳೆಲ್ಲ ಇದ್ದವು. "ಓದುವಾಗ ಉಮೇದು ಬರುತ್ತದೆ ಅಣ್ಣ, ಮುಚ್ಚಿದ ಮೇಲೆ ಹಸಿವೆಯೂ ಬರುತ್ತದೆ," ಎಂದರು. ಅದರ ಬಗ್ಗೆ ನಾನೂ ಹೆಚ್ಚು ಬರೆಯುವುದಿಲ್ಲ.

ದಾರಿ ಸಿಕ್ಕಿದ್ದು ಲೈಬ್ರರಿಯನ್ ಕೆಲಸದಿಂದಲೇ. ಒಂದು ಸಂಜೆ ಕಪಾಟು ಒರೆಸುವಾಗ ಅವರಿಗೆ ಹೊಳೆಯಿತಂತೆ: ಒಂದೇ ಶರೀರದ ವಿಷಯ ನಾಲ್ಕು ಕಡೆ ಹಂಚಿಹೋಗಿದೆ. ಪಥ್ಯ 613ರಲ್ಲಿ, ಮನಸ್ಸು 158ರಲ್ಲಿ, ಕಾಯಿಲೆ 616ರಲ್ಲಿ, ಅಡುಗೆ 641ರಲ್ಲಿ. ತಾವು ಮೂರು ಸಲವೂ ಬೇರೆಯವರ ಅಡುಗೆಮನೆಯ ಪುಸ್ತಕ ಓದಿದ್ದರು. ತಮ್ಮ ಅಡುಗೆಮನೆಯಲ್ಲಿ ಏನು ಖರ್ಚಾಗುತ್ತದೆ ಎಂದು ಓದಿರಲಿಲ್ಲ.

613ರ ಕೆಳಗಿನ ಅರೆಯಲ್ಲಿ ಒಂದು ಹಳೆಯ, ಯಾರೂ ಮುಟ್ಟದ ಪುಸ್ತಕವಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ, ಭಾರತದ ಆಹಾರಗಳ ಪೋಷಕಾಂಶದ ಕೋಷ್ಟಕ. ನಮ್ಮ ನೀಲಗಿರಿಯ ಸದಸ್ಯರು ಕೇಳಿ: ಈ ಸಂಸ್ಥೆ ಹುಟ್ಟಿದ್ದು ನಿಮ್ಮ ಕೂನೂರಿನಲ್ಲಿ. 1918ರಲ್ಲಿ ಅಲ್ಲಿನ ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಬೆರಿಬೆರಿ ರೋಗದ ಶೋಧನೆಗೆಂದು ಶುರು ಮಾಡಿದ್ದು ಅದು. ಅವರ ನಂತರ ಬಂದ ಆಕ್ರಾಯ್ಡ್ 1937ರಲ್ಲಿ ನಮ್ಮ ದೇಶದ ಧಾನ್ಯ, ಬೇಳೆ, ಸೊಪ್ಪುಗಳ ಕೋಷ್ಟಕವನ್ನು ಹೊರತಂದರು. ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಆ ಕೋಷ್ಟಕದಲ್ಲಿ ಬ್ರೊಕೊಲಿ ಹುಡುಕುವ ಕೆಲಸವಿಲ್ಲ. ರಾಗಿ, ಜೋಳ, ಕುಚ್ಚಲಕ್ಕಿ, ನುಗ್ಗೆಸೊಪ್ಪು, ಹಲಸು, ತೆಂಗು ಎಲ್ಲವೂ ಉಂಟು.

ಅಕ್ಕ ಒಂದು ತಿಂಗಳು ಏನನ್ನೂ ಬಿಡಲಿಲ್ಲ, ಬರೆದಿಟ್ಟರು ಮಾತ್ರ. ರಿಜಿಸ್ಟರು ಬರೆಯುವ ಕೈ ಅಲ್ಲವೇ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರು ತೆಂಗಿನೆಣ್ಣೆ, ದಿನಕ್ಕೊಂದು ಕಾಯಿ. ತಮ್ಮ ನಾಲ್ಕು ಗ್ಲಾಸು ಚಹಾಕ್ಕೆ ಎಂಟು ಚಮಚ ಸಕ್ಕರೆ. ಸಂಜೆ ಐದಕ್ಕೆ ಮೇಜಿನ ಡ್ರಾಯರಿನಿಂದ ಬಾಳೆಕಾಯಿ ಚಿಪ್ಸು.

ಲೆಕ್ಕ ಹಾಕಿದೆವು, ಈ ಸಲ ನಾನೂ ಕೂತೆ. ಎಣ್ಣೆ ತಲೆಗೆ ದಿನಕ್ಕೆ 41 ಮಿಲಿ, ಅಂದರೆ ಹತ್ತಿರ ಹತ್ತಿರ 38 ಗ್ರಾಂ. ಅದೇ ಸಂಸ್ಥೆಯ 2024ರ ಮಾರ್ಗದರ್ಶಿಯಲ್ಲಿ ದಿನಕ್ಕೆ 2,000 ಕ್ಯಾಲರಿಯ ಊಟಕ್ಕೆ ಹೇಳಿದ್ದು 27 ಗ್ರಾಂ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಪಿಷ್ಟಕ್ಕೆ 4. ತೆಂಗಿನ ತುರಿ 100 ಗ್ರಾಮಿಗೆ 400 ಕ್ಯಾಲರಿಯ ಆಸುಪಾಸು. ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಇಲ್ಲಿ ಚಹಾವೊಂದರಲ್ಲೇ 40. ಅರ್ಧ ಗಂಟೆ ನಡೆದರೆ ಖರ್ಚಾಗುವುದು ನೂರು ನೂರೈವತ್ತು ಕ್ಯಾಲರಿ, ಅದು ಒಂದು ಹಿಡಿ ಚಿಪ್ಸಿಗೆ ವಜಾ. ಅನ್ನವನ್ನು ಇಷ್ಟು ದಿನ ಸುಮ್ಮನೆ ಬೈದದ್ದಾಯಿತು! ಅದೂ ಸ್ವಲ್ಪ ಹೆಚ್ಚಿತ್ತು ನಿಜ, ಆದರೆ ಮುಖ್ಯ ಆರೋಪಿ ಅದಲ್ಲ.

ಆಮೇಲೆ ಮಾಡಿದ್ದು ಇಷ್ಟೆ. ಎಣ್ಣೆ ಮೂರು ಲೀಟರಿಗೆ ಇಳಿಯಿತು, ತೆಂಗಿನಕಾಯಿ ಅರ್ಧವಾಯಿತು. ರಾತ್ರಿ ಅನ್ನದ ಬದಲು ಗಂಜಿ, ಅದಕ್ಕೆ ಹೆಸರುಕಾಳಿನ ಪಲ್ಯ, ಒಂದೆಲಗದ ತಂಬುಳಿ. ಗಂಜಿಯಲ್ಲಿ ನೀರೇ ಹೆಚ್ಚಾದ್ದರಿಂದ ಹೊಟ್ಟೆ ತುಂಬುತ್ತದೆ, ಅಕ್ಕಿ ಕಡಿಮೆ ಸಾಕು. ಇದೂ ಹೊಸತಲ್ಲ. ದಪ್ಪಗಿರುವವರಿಗೆ ಹೊಟ್ಟೆಗೆ ಭಾರವೆನಿಸುವ, ಆದರೆ ಮೈ ಬೆಳೆಸದ ಆಹಾರ ಕೊಡಬೇಕೆಂದು ಚರಕ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯದಲ್ಲಿ ಬರುತ್ತದೆ. ಜೊತೆಗೆ ವಾಚನಾಲಯಕ್ಕೆ ಬಸ್ಸಿನ ಬದಲು ನಡಿಗೆ. ಮನೆಯವರಿಗೆ ಬೇರೆ ಅಡುಗೆ ಬೇಕಾಗಲಿಲ್ಲ. ಮೊದಲ ವಾರ ಗಂಡ ಮುಖ ಸಿಂಡರಿಸಿದರಂತೆ, ಈಗ ಅಭ್ಯಾಸವಾಗಿದೆ.

ಹತ್ತು ತಿಂಗಳಿಗೆ ನಾಲ್ಕೂವರೆ ಕಿಲೊ ಇಳಿಯಿತು. ಮುಖಪುಟದಲ್ಲಿ ಹಾಕುವಂಥ ಅಂಕಿ ಅಲ್ಲ. ಎಚ್‌ಬಿಎ1ಸಿ 5.8ಕ್ಕೆ ಬಂದಿದೆ. 2006ರಲ್ಲಿ ಪ್ರಕಟವಾದ ಚೆನ್ನೈಯ ಒಂದು ಅಧ್ಯಯನದಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರಲ್ಲಿ ಊಟ, ನಡಿಗೆ ತಿದ್ದಿಕೊಂಡ ಗುಂಪಿಗೆ ಮಧುಮೇಹದ ಅಪಾಯ 28.5 ಶೇಕಡಾ ಕಡಿಮೆಯಾಯಿತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಆದ್ದರಿಂದ ತಕ್ಕಡಿ ನಿಂತಿತೆಂದು ಊಟ ತಿದ್ದುವುದನ್ನು ನಿಲ್ಲಿಸಿದವರು ಮತ್ತೊಮ್ಮೆ ಯೋಚಿಸಬೇಕು. ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಿ, ನಮ್ಮ ದೇಶದವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ನನ್ನದು 101.

ಒಂದು ಎಚ್ಚರಿಕೆ. ನಾನು ಗುಮಾಸ್ತ, ವೈದ್ಯನಲ್ಲ. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ, ಸಕ್ಕರೆ ಏಕಾಏಕಿ ಇಳಿದು ತಲೆತಿರುಗಿ ಬೀಳುವ ಅಪಾಯ ಇದೆ.

ಮೇಲಿನ ಲೆಕ್ಕ ತೆಂಗಿನ ನಾಡಿನದ್ದು. ಸೋಲಾಪುರ, ಅಕ್ಕಲಕೋಟೆಯವರು ತೆಂಗಿನ ಜಾಗದಲ್ಲಿ ಶೇಂಗಾ ಹಿಂಡಿಯನ್ನು ತೂಗಬೇಕು, ಹೊಸೂರು, ಮಡಕಶಿರಾದವರು ಮುದ್ದೆಯ ಗಾತ್ರವನ್ನು. 2024ರ ಮಾರ್ಗದರ್ಶಿಯ ತಟ್ಟೆಯ ಲೆಕ್ಕವನ್ನು (ಧಾನ್ಯ 250 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ ಇತ್ಯಾದಿ) ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ವಾಚನಾಲಯದ ಬಾಗಿಲ ಹಿಂದೆ ಅಂಟಿಸಿದ್ದೇವೆ. ಬೇಕಾದ ಘಟಕಗಳು ಕೇಳಿದರೆ ಕಳಿಸುತ್ತೇನೆ. ಒಂದು ತಿಂಗಳ ಎಣ್ಣೆ, ಸಕ್ಕರೆ, ಕಾಯಿ ಅಥವಾ ಶೇಂಗಾದ ಲೆಕ್ಕ ಬರೆದು ಕಳಿಸುವ ಸದಸ್ಯರಿದ್ದರೆ ನಮ್ಮ ನಮ್ಮ ಊರಿನ ಊಟದ ಕೋಷ್ಟಕವನ್ನು ಸೇರಿಸಿ ಮಾಡಬಹುದು. ಹೆಸರು ಬೇಡ, ಊರಿನ ಹೆಸರು ಸಾಕು. ಜೂನ್ 19ರ ವಾಚನ ದಿನಕ್ಕೆ ಅದನ್ನು 613ರ ಕಪಾಟಿನಲ್ಲಿ ಇಡಬೇಕೆಂದು ಅಕ್ಕನ ಆಸೆ. ನಂಬರನ್ನು ಪೆನ್ಸಿಲಿನಲ್ಲಿ ಆಗಲೇ ಬರೆದಿಟ್ಟಿದ್ದಾರೆ.

ನಿಮ್ಮವ,
ಕಾರ್ಯದರ್ಶಿ