ಕೊಟ್ಟಿಗೆಯಲ್ಲಿ ಕೂತು ಚಿತ್ರ ಬರೆಯುವುದು

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ ಉರಿಸುವ ದಿನಗಳಲ್ಲಿ ರಾತ್ರಿಯಿಡೀ ಮನೆಯಲ್ಲಿ ಒಬ್ಬರಾದರೂ ಎಚ್ಚರ ಇರಲೇಬೇಕು. ಶಾಖ ಏರಿದರೂ ಕಷ್ಟ, ಇಳಿದರೂ ಕಷ್ಟ. ನಿದ್ದೆ ತಡೆಯಲಿಕ್ಕೆ ಕೆಲವರು ಇಸ್ಪೀಟು ಆಡುತ್ತಾರೆ, ಈಗಿನವರು ಮೊಬೈಲು ನೋಡುತ್ತಾರೆ. ನಾನು ಪೆನ್ಸಿಲು ಹಿಡಿದೆ. ಚಿತ್ರ ಬರೆಯೋದು ಪೇಟೆಯವರ ಕೆಲಸ ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ. ದನ, ಮಣ್ಣು, ಮರ ಇವನ್ನು ದಿನಾ ನೋಡುವವರು ನಾವೇ ತಾನೆ?

ಬೇಕಾದ ಸಾಮಾನು ಕಡಮೆ. ಗೀರು ಎಳೆಯಲು ಎಚ್‌ಬಿ, ನೆರಳಿಗೆ 2ಬಿ, ದಟ್ಟ ಕಪ್ಪಿಗೆ 6ಬಿ, ಹೀಗೆ ಮೂರು ಪೆನ್ಸಿಲು. ಒಂದು ರಬ್ಬರು, ದಪ್ಪ ಡ್ರಾಯಿಂಗ್ ಹಾಳೆ, ಕೆಳಗಿಡಲು ಒಂದು ರಟ್ಟು. ಬರೆಯುವಾಗ ಅಂಗೈ ಕೆಳಗೆ ಇನ್ನೊಂದು ಕಾಗದ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬೆವರಿಗೆ ಎಲ್ಲ ಮಸಿ ಆಗಿಬಿಡುತ್ತೆ. ದೊಡ್ಡ ಚಿತ್ರಕ್ಕೆ ಬ್ಯಾರನ್ ಒಲೆಯ ಇದ್ದಿಲೂ ನಡೆಯುತ್ತೆ.

ಎತ್ತನ್ನು ಬರೆಯುವಾಗ ಎಲ್ಲರೂ ಕಣ್ಣಿನಿಂದಲೋ ಕೊಂಬಿನಿಂದಲೋ ಶುರುಮಾಡುತ್ತಾರೆ. ಆಮೇಲೆ ಹಿಂಗಾಲಿಗೆ ಹಾಳೆಯಲ್ಲಿ ಜಾಗವೇ ಇರೋದಿಲ್ಲ. ಮೊದಲು ಅಳತೆ ಹಿಡಿಯಬೇಕು. ತೋಳು ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ಮೇಲೆ ಹೆಬ್ಬೆರಳಿಟ್ಟು ಎತ್ತಿನ ಮೋರೆಯ ಉದ್ದ ಗುರುತು ಮಾಡಿಕೊಳ್ಳಿ. ಮೈ ಅಂಥ ಎಷ್ಟು ಮೋರೆ ಉದ್ದ, ಎಷ್ಟು ಮೋರೆ ಎತ್ತರ ಅಂತ ನೋಡಿ, ಹಾಳೆಯಲ್ಲಿ ಸಣ್ಣ ಚುಕ್ಕಿ ಇಟ್ಟು, ಬೆನ್ನಿನ ಗೀರು ಎಳೆಯಿರಿ. ಕಣ್ಣು ಕೊನೆಗೆ ಸಾಕು. ಹಳ್ಳಿಕಾರ್ ಎತ್ತಾದರೆ ಉದ್ದ ಮೋರೆ, ಹಣೆಯ ನಡುವೆ ತೋಡು, ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ತುದಿ ಮುಂದಕ್ಕೆ ತಿರುಗಿದ ಕೊಂಬು. ಬೂದು ಬಣ್ಣ ಭುಜದಲ್ಲೂ ಹಿಂದೊಡೆಯಲ್ಲೂ ಕಪ್ಪಾಗುತ್ತೆ. ಅಲ್ಲಿ 6ಬಿ ಬೇಕು.

ಎತ್ತು ನಿಂತ ಹಾಗೆ ನಿಲ್ಲೋದಿಲ್ಲ, ನಿಜ. ಅದಕ್ಕೆ ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ ಶುರುಮಾಡಿ, ಅದು ಹಳೆ ಭಂಗಿಗೆ ಬಂದಾಗ ಆ ಚಿತ್ರ ಮುಂದುವರಿಸುತ್ತೇನೆ. ಮಲಗಿ ಮೆಲುಕು ಹಾಕುವ ಹೊತ್ತು ಎಲ್ಲಕ್ಕಿಂತ ಒಳ್ಳೇದು.

ಹೀಗೆ ಮೂರು ಸಂಜೆ ನಮ್ಮ ಬಲಗಡೆ ಎತ್ತನ್ನು ಬರೆದೆ. ಮೂರು ದಿನವೂ ಎಡ ಹಿಂಗಾಲಿನ ಗೊರಸು ನೆಲಕ್ಕೆ ಪೂರ್ತಿ ಊರಿರಲಿಲ್ಲ. ನಡೆಯುವಾಗ ಕುಂಟು ಕಾಣಿಸುತ್ತಿರಲಿಲ್ಲ, ನೊಗ ಕಟ್ಟಿದಾಗಲೂ ಇಲ್ಲ. ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗಿದ್ದು. ಕಾಲು ಎತ್ತಿ ನೋಡಿದರೆ ಲಾಳದ ಮೊಳೆಯೊಂದು ಓರೆಯಾಗಿ ಒಳಕ್ಕೆ ಹೋಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಕೀವು ತುಂಬುತ್ತಿತ್ತು ಅಂದರು ಪಶುವೈದ್ಯರು. ಚಿತ್ರ ಚೆನ್ನಾಗಿ ಬಂತೋ ಇಲ್ಲವೋ, ಎತ್ತು ಉಳಿಯಿತು.

ನಮ್ಮ ಸೀಮೆಗೂ ಎತ್ತಿಗೂ ಹಳೆ ನಂಟು. 19ನೇ ಶತಮಾನದಲ್ಲಿ ಅಮೃತಮಹಲ್ ದನಗಳ ಇಲಾಖೆ ನಡೆಯುತ್ತಿದ್ದುದು ಹುಣಸೂರಿನಿಂದ. ಅಂಚೆ ಇಲಾಖೆ 2000ದಲ್ಲಿ ದೇಸಿ ದನಗಳ ನಾಲ್ಕು ಅಂಚೆಚೀಟಿ ತಂದಾಗ ಅದರಲ್ಲಿ ಹಳ್ಳಿಕಾರ್ ಒಂದು. ಚೀಟಿಯಲ್ಲಿ ಉಳಿದದ್ದು ಕೊಟ್ಟಿಗೆಯಲ್ಲೂ ಉಳಿಯಬೇಕಲ್ಲ. ಕೆ.ಆರ್. ನಗರದ ಚುಂಚನಕಟ್ಟೆ ಜಾತ್ರೆಗೆ ಸಂಕ್ರಾಂತಿ ಹೊತ್ತಿಗೆ ಹೋಗುವವರು ಜೇಬಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ಅಷ್ಟು ಜೋಡಿ ಒಂದೇ ಕಡೆ ಬೇರೆಲ್ಲೂ ಸಿಗೋದು ಕಷ್ಟ.

ಮನೆಯವರನ್ನು ಬರೆಯೋದು ದನಕ್ಕಿಂತ ಕಷ್ಟ. ಕೂತ್ಕೋ ಅಂದರೆ ಮೈ ಬಿಗಿ ಮಾಡಿಕೊಳ್ಳುತ್ತಾರೆ. ಕೆಲಸ ಮಾಡುವಾಗ ಬರೆಯಬೇಕು. ಅವ್ವ ಕಡ್ಡಿಗೆ ಸೊಪ್ಪು ಕಟ್ಟುವಾಗ ಎದುರಿಗೆ ಕೂತೆ. "ನನ್ನ ಮೊಕದಲ್ಲಿ ಏನೈತೆ ಅಂತ ಬರೀತೀಯ ಮಗ, ಆ ಸೊಪ್ಪೇ ಬರಿ" ಅಂದಳು. ನಾನು ಅವಳ ಕೈ ಬರೆದೆ. ಸುಕ್ಕನ್ನು ಗೀರಾಗಿ ಎಳೆದರೆ ಬಿರುಕು ಬಿಟ್ಟ ಗೋಡೆ ಥರ ಕಾಣುತ್ತೆ. ಎರಡು ಸುಕ್ಕಿನ ನಡುವಿನ ನೆರಳನ್ನು ತೆಳ್ಳಗೆ ತುಂಬಬೇಕು, ಉಬ್ಬಿದ ಜಾಗದಲ್ಲಿ ಕಾಗದದ ಬಿಳುಪನ್ನೇ ಬಿಡಬೇಕು. ಮೈಸೂರಿನ ಜಗನ್ಮೋಹನ ಅರಮನೆ ಸಂಗ್ರಹದ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ನೋಡದವರು ಕಡಮೆ. ರವಿವರ್ಮನದು ಅಂತ ತುಂಬ ಜನ ತಿಳಿದಿದ್ದಾರೆ, ಅಲ್ಲ. ಬರೆದವರು ಮಹಾರಾಷ್ಟ್ರದ ಎಸ್.ಎಲ್. ಹಲ್ದಣಕರ್. ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು. ದೊಡ್ಡ ಕಲಾವಿದರಿಗೂ ಮನೆಯವರೇ ಗತಿ!

ತೀರಿಹೋದವರ ಚಿತ್ರಕ್ಕೆ ಹಳೆ ಫೋಟೋ ಇದ್ದರೆ ಜೆರಾಕ್ಸ್ ಮಾಡಿಸಿ, ಅದರ ಮೇಲೆ 1 ಸೆಂ.ಮೀ. ಚೌಕ, ಹಾಳೆಯ ಮೇಲೆ 3 ಸೆಂ.ಮೀ. ಚೌಕ ಹಾಕಿ, ಒಂದೊಂದು ಚೌಕವನ್ನೇ ನೋಡಿ ಬರೆಯಿರಿ. ಬದುಕಿರುವವರನ್ನು ಮಾತ್ರ ನೋಡಿಯೇ ಬರೆಯಬೇಕು ಅನ್ನೋದು ನನ್ನ ಹಟ. ಹತ್ತಿರದಿಂದ ತೆಗೆದ ಮೊಬೈಲ್ ಫೋಟೋದಲ್ಲಿ ಮೂಗು ದಪ್ಪ, ಕಿವಿ ಸಣ್ಣ ಆಗಿರುತ್ತೆ.

ಹೊಲ, ಬೆಟ್ಟಕ್ಕೆ ಒಂದೇ ಸೂತ್ರ: ಹತ್ತಿರದ್ದು ಕಪ್ಪು, ದೂರದ್ದು ತಿಳಿ. ಬೆಟ್ಟದಪುರದ ಬೆಟ್ಟವನ್ನು ಬುಡದಲ್ಲಿ ನಿಂತು ಬರೆದರೆ ಬಂಡೆ ಲೆಕ್ಕ ಹಾಕಬಹುದು. ದೂರದಿಂದಾದರೆ ಎಚ್‌ಬಿಯ ಒಂದು ಮಸುಕು ಸಾಕು. ಎಚ್.ಡಿ. ಕೋಟೆಯಲ್ಲಿ ಕಬಿನಿ ಹಿನ್ನೀರಿನಾಚೆಯ ಕಾಡಿಗೂ ಇದೇ ಮಾತು. ಮೈಸೂರಿನ ಕಲಾವಿದ ಕೆ. ವೆಂಕಟಪ್ಪನವರು (ನಿಧನ 1965) ಊಟಿ ಬೆಟ್ಟಗಳ ಮಂಜನ್ನು ಜಲವರ್ಣದಲ್ಲಿ ಬರೆದಿದ್ದಾರೆ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಕಲಾಶಾಲೆ ವಿಚಾರಿಸಿ. ಬಿಸಿಲು ಯಾವ ಕಡೆಯಿಂದ ಅಂತ ಹಾಳೆಯ ಮೂಲೆಯಲ್ಲಿ ಬಾಣದ ಗುರುತು ಹಾಕಿ. ಗಂಟೆಯಲ್ಲಿ ನೆರಳು ಜರುಗಿಬಿಡುತ್ತೆ.

ಚಿತ್ರದ ಕೆಳಗೆ ತಾರೀಕು, ಎತ್ತಿನ ಹೆಸರು, ಎಷ್ಟು ಹಲ್ಲು, ಯಾವ ಜಾತ್ರೆಯಲ್ಲಿ ಕೊಂಡದ್ದು ಎಲ್ಲ ಬರೆದಿಡಿ.

ಕಳೆದ ಅವರೆಕಾಯಿ ಕಾಲದಲ್ಲಿ ಪಕ್ಕದೂರಿನ ಒಬ್ಬರು ಬಂದು, "ಜೋಡಿ ಕೊಡ್ತಾ ಇದೀನಿ, ಉಳುಮೆಗೆ ಟ್ರ್ಯಾಕ್ಟ್ರು ಹೇಳಿದೀನಿ, ಅದರೊಳಗೆ ಒಂದು ಚಿತ್ರ ಆಯ್ತದಾ ಅಣ್ಣಾ?" ಅಂದರು. ಎರಡು ಬೆಳಿಗ್ಗೆ ಹೋದೆ. ಒಂದು ಹಿಂಗಾಲು ಬಾಕಿ ಇರುವಾಗಲೇ ವ್ಯಾಪಾರಿಯ ಗಾಡಿ ಬಂತು. ಆಮೇಲೆ ನೆನಪಿಂದ ತುಂಬಿಸ್ಲಾ ಅಂದೆ, ಬೇಡ ಅಂದರು. ನಡುಮನೆಯಲ್ಲಿ ಹಾಗೇ ತೂಗುಹಾಕಿದ್ದಾರೆ.