ಬಿಟ್ಟ ಉಸಿರೇ ಮರಳಿ ಬರುವಾಗ

1880ನೆಯ ಇಸವಿಯ ನವೆಂಬರ್ ತಿಂಗಳು. ಇಂಗ್ಲೆಂಡಿಗೂ ವೇಲ್ಸಿಗೂ ನಡುವಣ ಸೆವರ್ನ್ ನದಿಯ ತಳದಲ್ಲಿ ತೋಡುತ್ತಿದ್ದ ರೈಲು ಸುರಂಗದಲ್ಲಿ ಹಿಂದಿನ ವರ್ಷವೇ ದೊಡ್ಡ ಬುಗ್ಗೆಯೊಂದು ಒಡೆದು ನೀರು ತುಂಬಿತ್ತು. ಕೆಲಸಗಾರರು ಓಡಿಬರುವ ಗಡಿಬಿಡಿಯಲ್ಲಿ ಮುಚ್ಚದೆ ಬಿಟ್ಟ ಕಬ್ಬಿಣದ ಬಾಗಿಲು ಸಾವಿರ ಅಡಿಯಷ್ಟು ಒಳಗಿದ್ದಿತು. ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರನು ಮೊದಲು ಮಾಮೂಲು ಉಡುಪಿನಲ್ಲಿ ಇಳಿದನು. ಮೇಲಿನಿಂದ ಗಾಳಿ ತರುವ ಉದ್ದನೆಯ ಕೊಳವೆಯನ್ನು ಎಳೆದೊಯ್ಯಲಾರದೆ ಹಿಂತಿರುಗಿದನು. ಆಮೇಲೆ ಹೆನ್ರಿ ಫ್ಲೂಸ್ ಎಂಬಾತನು ಎರಡು ವರ್ಷಗಳ ಹಿಂದೆ ರಚಿಸಿದ್ದ, ಕೊಳವೆಯ ಹಂಗಿಲ್ಲದ ಸಾಧನವನ್ನು ಧರಿಸಿ, ಕಾರ್ಗತ್ತಲಲ್ಲಿ ತಡವರಿಸುತ್ತ ನಡೆದು, ಅದರೊಡನೆ ಮಾಡಿದ ಎರಡನೆಯ ಯತ್ನದಲ್ಲಿ ಬಾಗಿಲು ಮುಚ್ಚಿಬಂದನು.

ಆ ಸಾಧನದಲ್ಲಿದ್ದುದಾದರೂ ಏನು? ರಬ್ಬರಿನ ಮುಖವಾಡ, ಉಸಿರಿನ ಚೀಲ, ಆಮ್ಲಜನಕ ತುಂಬಿದ ತಾಮ್ರದ ಪಾತ್ರೆ, ಕಾಸ್ಟಿಕ್ ಪೊಟ್ಯಾಷ್ ದ್ರಾವಣದಲ್ಲಿ ನೆನೆಸಿದ ಹಗ್ಗದ ನಾರು. ಹೊರಬಿಟ್ಟ ಉಸಿರು ನಾರಿನಲ್ಲಿ ಹಾದು, ಇಂಗಾಲಾಮ್ಲ ವಾಯುವನ್ನು ಕಳೆದುಕೊಂಡು, ಹೊಸ ಆಮ್ಲಜನಕವನ್ನು ಬೆರೆಸಿಕೊಂಡು ಮತ್ತೆ ಬಾಯಿಗೆ ಬರುತ್ತಿತ್ತು. ಇಂದಿನ ರೀಬ್ರೀದರ್ ಯಂತ್ರಗಳ ಮೂಲತತ್ತ್ವವೂ ಇದೇ. ನಾವು ಒಳಗೆಳೆಯುವ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ. ಹೊರಬಿಡುವ ಉಸಿರಿನಲ್ಲಿಯೂ ಸುಮಾರು 16 ಭಾಗ ಉಳಿದೇ ಇರುತ್ತದೆ. ಸಾಮಾನ್ಯ ಸಿಲಿಂಡರು ಹೊತ್ತವನು ಅದನ್ನು ಗುಳ್ಳೆಗಳಾಗಿ ಚೆಲ್ಲಿಬಿಡುತ್ತಾನೆ. ರೀಬ್ರೀದರಿನವನು ಜಿಪುಣನಂತೆ ಕೂಡಿಟ್ಟುಕೊಂಡು ಗಂಟೆಗಟ್ಟಲೆ ನೀರಿನಲ್ಲಿರುತ್ತಾನೆ.

ಆದರೆ ಈ ಜಿಪುಣತನಕ್ಕೂ ಬೆಲೆಯುಂಟು. ಸಾಮಾನ್ಯ ಸಿಲಿಂಡರಿನಲ್ಲಿ ಒತ್ತಡವೇ ಗಾಳಿಯನ್ನು ಬಾಯಿಗೆ ತಂದೊಪ್ಪಿಸುತ್ತದೆ. ರೀಬ್ರೀದರಿನಲ್ಲಿ ಕೊಳವೆ, ಕವಾಟ, ಸುಣ್ಣದ ಡಬ್ಬಿ, ಚೀಲ ಇವೆಲ್ಲವುಗಳ ಮೂಲಕ ವಾಯುವನ್ನು ನೂಕುವುದೂ ಎಳೆಯುವುದೂ ಮುಳುಗುಗಾರನ ಎದೆಯೇ. ಕಮ್ಮಾರನ ತಿದಿಯನ್ನೊತ್ತಲು ಒಬ್ಬ ಹುಡುಗನಾದರೂ ಇರುತ್ತಾನೆ. ಇಲ್ಲಿ ತಿದಿಯೂ ಅದೇ, ಹುಡುಗನೂ ಅದೇ. ಆದುದರಿಂದ ಯಂತ್ರವನ್ನು ಆರಿಸುವವನು ಬೆಲೆಯನ್ನೂ ಮಿನುಗುವ ಅಂಕಿಗಳ ಗಡಿಯಾರಗಳನ್ನೂ ನೋಡುವ ಮೊದಲು, ಅದರಲ್ಲಿ ಉಸಿರು ಎಷ್ಟು ಸಲೀಸಾಗಿ ಆಡುತ್ತದೆಂಬುದನ್ನು ನೋಡಬೇಕು. ಇದು ಸುಖದ ಮಾತಲ್ಲ, ಜೀವದ ಮಾತು.

ಮೊದಲನೆಯ ವಿಚಾರ, ಚೀಲ ಇರುವ ಜಾಗ. ನೀರಿನ ಒತ್ತಡ ಅಂಗೈ ಅಗಲದ ಆಳಕ್ಕೂ ಬದಲಾಗುತ್ತದೆ. ಬೋರಲಾಗಿ ಈಜುವವನ ಚೀಲ ಬೆನ್ನ ಮೇಲಿದ್ದರೆ ಅದು ಶ್ವಾಸಕೋಶಕ್ಕಿಂತ ಮೇಲಿನ ನೀರಿನಲ್ಲಿರುತ್ತದೆ. ಅಲ್ಲಿ ಒತ್ತಡ ಕಡಿಮೆ. ಉಸಿರು ಬಿಡುವುದು ಸುಲಭ, ಎಳೆಯುವುದು ಕಷ್ಟ. ಚೀಲ ಎದೆಯ ಮುಂದಿದ್ದರೆ ಇದಕ್ಕೆ ತದ್ವಿರುದ್ಧ: ಉಸಿರು ತಾನಾಗಿ ಒಳನುಗ್ಗುತ್ತದೆ, ಹೊರದಬ್ಬಲು ಶ್ರಮಪಡಬೇಕು. ಭುಜಗಳ ಮೇಲಿಂದ ಎದೆಯವರೆಗೆ ಇಳಿಬಿಟ್ಟ ಚೀಲಗಳು ಶ್ವಾಸಕೋಶದ ಮಟ್ಟಕ್ಕೆ ಹತ್ತಿರವಾದುದರಿಂದ ಹೆಚ್ಚು ಹಿತ. ಆದರೆ ಎದೆಯ ಮೇಲೆಲ್ಲ ಹರಡಿಕೊಂಡು ಕೈಗೆ ಅಡ್ಡಿಯಾಗುತ್ತವೆ. ಗುಹೆಯೊಳಗೆ ನುಸುಳುವವನು ಬೆನ್ನಿನ ಚೀಲವನ್ನು ಮೆಚ್ಚುವುದೂ ಉಂಟು. ಕಾಲು ಮೇಲೆ ಮಾಡಿ, ಮಗ್ಗುಲಾಗಿ, ಅಂಗಾತ ಮಲಗಿ ಎಲ್ಲ ಭಂಗಿಗಳಲ್ಲಿಯೂ ಉಸಿರಾಡಿ ನೋಡದೆ ಕೊಳ್ಳುವುದು ಕಾಲಿಗೆ ಹಾಕಿನೋಡದೆ ಚಪ್ಪಲಿ ಕೊಂಡಂತೆ.

ಫ್ಲೂಸನ ನಾರಿನ ಜಾಗಕ್ಕೆ ಈಗ ಬಂದಿರುವುದು ಸೋಡಾ ಸುಣ್ಣದ ಹರಳುಗಳು. ನಮ್ಮ ಎಲೆಯಡಿಕೆಯ ಸುಣ್ಣದ ಬಳಗವೇ. ಹರಳು ಸಡಿಲವಾಗಿದ್ದರೆ ಉಸಿರು ಸಂದು ಹುಡುಕಿಕೊಂಡು ಶುದ್ಧಿಯಾಗದೆ ನುಸುಳುತ್ತದೆ. ತೀರ ಸಣ್ಣದಾಗಿದ್ದರೆ ಎಳೆಯುವ ಶ್ರಮ ಏರುತ್ತದೆ. ನೀರು ಹೊಕ್ಕರಂತೂ ಸುಡುವ ಕ್ಷಾರ ಬಾಯಿಗೇ ಬರಬಹುದು.

ಎಲ್ಲಕ್ಕಿಂತ ದೊಡ್ಡ ವೈರಿ ವಾಯುವಿನ ಸಾಂದ್ರತೆ. ನೆಲದ ಮೇಲೆ ಲೀಟರಿಗೆ ಸುಮಾರು 1.2 ಗ್ರಾಂ ತೂಗುವ ಗಾಳಿ 40 ಮೀಟರ್ ಆಳದಲ್ಲಿ ಐದು ಪಟ್ಟು ಒತ್ತೊತ್ತಾಗಿ 6 ಗ್ರಾಮಿನಷ್ಟು ತೂಗುತ್ತದೆ. 2016ರಲ್ಲಿ ಗ್ಯಾವಿನ್ ಆಂಥೊನಿ ಮತ್ತು ಸೈಮನ್ ಮಿಚೆಲ್ ಎಂಬ ತಜ್ಞರು 5.2 ಗ್ರಾಮಿನೊಳಗಿರುವುದು ಲೇಸೆಂದೂ 6.2 ಗ್ರಾಮನ್ನು ದಾಟಬಾರದೆಂದೂ ಸೂಚಿಸಿದರು. ಆಳಕ್ಕಿಳಿಯುವವರು ಹಗುರವಾದ ಹೀಲಿಯಂ ಬೆರೆಸಿಕೊಳ್ಳುವುದು ಇದಕ್ಕಾಗಿಯೂ ಹೌದು. ಮಿತಿ ಮೀರಿದರೆ ದುಷ್ಟಚಕ್ರ ತಿರುಗತೊಡಗುತ್ತದೆ: ಶ್ರಮದಿಂದ ಇಂಗಾಲಾಮ್ಲ ಹೆಚ್ಚುತ್ತದೆ, ಅದು ಏದುಸಿರು ತರುತ್ತದೆ, ಏದುವುದೇ ಇನ್ನಷ್ಟು ಶ್ರಮವಾಗುತ್ತದೆ. ಕೊನೆಗೆ ಮಂಪರು.

2005ರ ಜನವರಿ 8ರಂದು ದಕ್ಷಿಣ ಆಫ್ರಿಕದ ಬುಷ್‌ಮನ್ಸ್ ಹೋಲ್ ಎಂಬ ನೀರುಗುಹೆಯಲ್ಲಿ ಆದುದು ಇದೇ. ಆಸ್ಟ್ರೇಲಿಯದ ವಿಮಾನ ಚಾಲಕ ಡೇವ್ ಷಾ 270 ಮೀಟರ್ ಆಳಕ್ಕೆ ರೀಬ್ರೀದರಿನೊಡನೆ ಇಳಿದನು. ಹತ್ತು ವರ್ಷಗಳ ಹಿಂದೆ ಅಲ್ಲಿ ಮಡಿದ ತರುಣನೊಬ್ಬನ ಶವವನ್ನು ಹಿಂದಿನ ಅಕ್ಟೋಬರಿನಲ್ಲಿ ಅವನೇ ಕಂಡಿದ್ದನು. ಅದನ್ನು ಹೆತ್ತವರಿಗೆ ತಂದೊಪ್ಪಿಸುವುದು ಉದ್ದೇಶ. ಕೆಸರಿನಲ್ಲಿ ಹೂತಿರಬಹುದೆಂದುಕೊಂಡಿದ್ದ ಶವ ತೇಲಾಡತೊಡಗಿತು. ಚೀಲಕ್ಕೆ ಸೇರಿಸುವ ಹೆಣಗಾಟದಲ್ಲಿ ಹಗ್ಗ ಸಿಕ್ಕಿಕೊಂಡಿತು. ಅವನ ಶಿರಸ್ತ್ರಾಣದ ಕ್ಯಾಮರಾ ಎಲ್ಲವನ್ನೂ ದಾಖಲಿಸಿತು: ಉಸಿರು ಬಿರುಸಾಗುತ್ತ ಹೋಗಿ, ಕಡೆಗೆ ನಿಂತಿತು. ಆಮ್ಲಜನಕದ ಕೊರತೆ ಅವನನ್ನು ಕೊಲ್ಲಲಿಲ್ಲ. ಹೊರಹೋಗದೆ ಉಳಿದ ಇಂಗಾಲಾಮ್ಲ ಕೊಂದಿತು. ನಾಲ್ಕು ದಿನಗಳ ಬಳಿಕ ಹಗ್ಗಗಳನ್ನು ಎಳೆಯುವಾಗ ಎರಡೂ ದೇಹಗಳು ಜೊತೆಯಾಗಿ ಮೇಲೆ ಬಂದವು. ಕೊಟ್ಟ ಮಾತು ಆ ರೀತಿಯಾಗಿ ಸಂದಿತು.

ಈಗ ಯೂರೋಪಿನಲ್ಲಿ ರೀಬ್ರೀದರುಗಳನ್ನು ಕೃತಕ ಶ್ವಾಸಯಂತ್ರಕ್ಕೆ ಜೋಡಿಸಿ, ನಿಮಿಷಕ್ಕೆ 75 ಲೀಟರಿನಷ್ಟು ಬಿರುಸಾಗಿ ಉಸಿರಾಡಿಸಿ ಪರೀಕ್ಷಿಸುತ್ತಾರೆ. ಆದರೂ ಅನುಭವಿಗಳು ಕೊಳ್ಳುವಾಗ ಇನ್ನೊಂದನ್ನು ಕೇಳುತ್ತಾರೆ: ಬಾಯಿಯ ಬಳಿಯ ಕವಾಟ ಎಂಥದು? ಏದುಸಿರು ಹತ್ತಿದವನಿಗೆ ಬಾಯಿಂದ ಒಂದನ್ನು ತೆಗೆದು ಮತ್ತೊಂದನ್ನು ಇಟ್ಟುಕೊಳ್ಳುವಷ್ಟು ಕಾಲವೂ ಉಸಿರು ಕಟ್ಟಲಾಗದು. ಆದುದರಿಂದ ಬಾಯಿಗಚ್ಚಿನಲ್ಲಿಯೇ ಒಂದು ಗುಬುಟು. ಅದನ್ನು ಒಮ್ಮೆ ತಿರುಗಿಸಿದರೆ ಚೀಲದ ಉಸಿರು ಮುಚ್ಚಿಕೊಂಡು ಪಕ್ಕದ ಸಿಲಿಂಡರಿನ ಹೊಸ ಗಾಳಿ ಹರಿದುಬರುತ್ತದೆ.