ತಂತಿ ತಿನ್ನುವ ತಂಗಾಳಿ

ಬಿರುಗಾಳಿಗೆ ವಿದ್ಯುತ್ ಕಂಬ ಉರುಳಿದರೆ ಸುದ್ದಿಯಾಗುತ್ತದೆ. ಎಲೆ ಅಲುಗಿಸುವಷ್ಟೇ ಬಲದ ಗಾಳಿ ಹೈಟೆನ್ಷನ್ ತಂತಿಯನ್ನು ವರ್ಷಗಟ್ಟಲೆ ಸವೆಸುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ಶುರುವಾದಾಗಿನಿಂದ ರಾಯಚೂರು ಸೀಮೆ ತಂತಿಗಳ ಸೀಮೆಯೂ ಹೌದು. ಅತ್ತ ಕೃಷ್ಣೆಯ ಮಗ್ಗುಲಿಗೆ ದೇವದುರ್ಗ, ಇತ್ತ ತುಂಗಭದ್ರೆಯ ಕಡೆಗೆ ಮಾನ್ವಿ. ನಡುವೆ ಬಹುಪಾಲು ಬಟಾಬಯಲು. ಕಾಡು, ಕಟ್ಟಡಗಳು ಗಾಳಿಯನ್ನು ಕದಡಿ ಚದುರಿಸುತ್ತವೆ. ಬಯಲಿನಲ್ಲಿ ಅದು ಒಂದೇ ಸಮನೆ ಬೀಸುತ್ತದೆ. ತಂತಿಗೆ ಕಾಟ ಕೊಡುವುದು ಈ ಸಮಗಾಳಿಯೇ.

ದುಂಡನೆಯ ತಂತಿಯನ್ನು ದಾಟಿದ ಗಾಳಿ ಅದರ ಬೆನ್ನ ಹಿಂದೆ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಪುಟ್ಟ ಸುಳಿಗಳನ್ನು ಬಿಡುತ್ತದೆ. ಒಂದೊಂದು ಸುಳಿ ಕಳಚಿದಾಗಲೂ ತಂತಿಗೆ ಒಂದು ಜಗ್ಗು. ಇದರ ಲೆಕ್ಕ ಕೊಟ್ಟವನು ಜೆಕ್ ವಿಜ್ಞಾನಿ ಸ್ಟ್ರೌಹಾಲ್, 1878ರಲ್ಲಿ, ಗಾಳಿಗೆ ತಂತಿ ಗುಂಯ್‌ಗುಡುವುದೇಕೆ ಎಂದು ಹುಡುಕುತ್ತ. 3 ಸೆಂಟಿಮೀಟರ್ ದಪ್ಪದ ತಂತಿಗೆ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ತಾಗಿದರೆ ಸೆಕೆಂಡಿಗೆ ಸುಮಾರು 20 ಕಂಪನ. ದಿನವಿಡೀ ಬೀಸಿದರೆ 17 ಲಕ್ಷ! ಅಲುಗಾಟ ತಂತಿಯ ದಪ್ಪವನ್ನೂ ಮೀರದು. ಆದರೂ ಟವರಿನ ಬಳಿ ಕ್ಲಾಂಪ್ ಬಿಗಿಹಿಡಿದ ಕಡೆ ಅಲ್ಯೂಮಿನಿಯಂ ಎಳೆಗಳು ಬಾಗಿ ಬಾಗಿ ದಣಿದು ಒಂದೊಂದಾಗಿ ತುಂಡಾಗುತ್ತವೆ.

ಮದ್ದು ಸರಳ. ಟವರಿನ ಅಕ್ಕಪಕ್ಕ ತಂತಿಗೆ ನೇತುಹಾಕಿದ, ಡಂಬೆಲ್‌ನಂಥ ಸಾಧನವನ್ನು ಹಲವರು ನೋಡಿರುತ್ತಾರೆ. 1920ರ ದಶಕದಲ್ಲಿ ಅದನ್ನು ರೂಪಿಸಿದವನು ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿಯೊಂದರ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಜ್. ತಂತಿ ನಡುಗಿದಾಗ ಈ ಸಾಧನದ ಎರಡು ತೂಕಗಳೂ ತೂಗುತ್ತವೆ, ನಡುವಿನ ಉಕ್ಕಿನ ಹುರಿಯ ಎಳೆಗಳು ಒಂದಕ್ಕೊಂದು ಉಜ್ಜುತ್ತವೆ, ನಡುಕದ ಶಕ್ತಿ ಶಾಖವಾಗಿ ಕರಗುತ್ತದೆ.

ಗಾಳಿಗೆ ಇನ್ನೊಂದು ವರಸೆಯೂ ಇದೆ. 1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ತೂಗುಸೇತುವೆ, ತೆರೆದು ನಾಲ್ಕೇ ತಿಂಗಳಿಗೆ, ಗಂಟೆಗೆ ಸುಮಾರು 65 ಕಿಲೋಮೀಟರ್ ಗಾಳಿಗೆ ತಿರುಚಿ ಮುರಿದುಬಿತ್ತು. ಅಲ್ಲಿ ಸೇತುವೆಯ ಹೊರಳಾಟವೇ ಗಾಳಿಯಿಂದ ಇನ್ನಷ್ಟು ಶಕ್ತಿ ಸೆಳೆದು ಬೆಳೆಯುತ್ತ ಹೋಯಿತು. ಅದನ್ನು ಬರೀ ಸುಳಿಗಳ ತಾಳಕ್ಕೆ ಕುಣಿದದ್ದೆಂದು ಹೇಳುವ ಪಠ್ಯಪುಸ್ತಕಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ.

ತಂತಿಗಳಲ್ಲೂ ಗಾಳಿ ಇಂಥ ವರಸೆ ತೋರುವುದುಂಟು. ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನ್ 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್‌ಗೆ ಬೆಸೆಯಿತು. ಇಷ್ಟು ವೋಲ್ಟೇಜಿನ ಲೈನ್‌ಗಳಲ್ಲಿ ಒಂದೊಂದು ಫೇಸಿಗೂ ಒಂಟಿ ತಂತಿಯಿರದು, ಹಲವು ತಂತಿಗಳ ಕಟ್ಟಿರುತ್ತದೆ. ಮುಂದಿನ ತಂತಿ ಕದಡಿದ ಗಾಳಿ ಹಿಂದಿನದನ್ನು ಎಳೆದಾಡುತ್ತದೆ. ಹಾಗಾಗಿ ಅವು ಒಂದಕ್ಕೊಂದು ಬಡಿಯದಂತೆ ಹತ್ತಾರು ಮೀಟರಿಗೊಂದು ಸ್ಪೇಸರ್ ಕೂರಿಸುತ್ತಾರೆ. ಅದರ ಕೀಲುಗಳಲ್ಲಿ ನಡುಕ ಹೀರಲು ರಬ್ಬರು ಇಡುವುದೂ ಉಂಟು.